ನೀಲಿ ಇಗುವಾನ ಉಡದ ಜಾತಿಯೇ?

ಪ್ರಶ್ನೆ: ಕೆರಿಬಿಯನ್ ದ್ವೀಪವೊಂದರಲ್ಲಿ ಬೆರಳೆಣಿಕೆಗೆ ಇಳಿದಿದ್ದ ನೀಲಿ ಇಗುವಾನಗಳನ್ನು ಮತ್ತೆ ಹೆಚ್ಚಿಸಿದ್ದಾರೆಂದು ಕೇಳಿದೆ. ಚಿತ್ರದಲ್ಲಿ ಅದು ನಮ್ಮ ಅಡಿಕೆ ತೋಟದ ಉಡದಂತೆಯೇ ಕಾಣುತ್ತದೆ. ಅದೂ ಕೋಳಿಮರಿ ಹಿಡಿಯುತ್ತದೆಯೇ? ಅದರ ಸಂತತಿ ಉಳಿದದ್ದು ಹೇಗೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮೈಕಟ್ಟು ಉಡದಂತಿದ್ದರೂ, ಸಂಬಂಧದಲ್ಲಿ ಅದು ನಿಮ್ಮ ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಗೇ ಹೆಚ್ಚು ಹತ್ತಿರ. ಉಡ ಸೀಳುನಾಲಿಗೆ ಚಾಚಿ ವಾಸನೆ ಹಿಡಿಯುವ ಬೇಟೆಗಾರ. ನೀಲಿ ಇಗುವಾನದ ಮುಖ್ಯ ಆಹಾರ ಎಲೆ, ಹೂವು, ಹಣ್ಣು. ಆದ್ದರಿಂದ ಕೋಳಿಮರಿಗಳಿಗೆ ಭಯವಿಲ್ಲ. (ಕೋಳಿಮರಿ ಹಿಡಿದರೂ ಉಡವನ್ನು ಕೊಲ್ಲುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ರಕ್ಷಣೆಯಿದೆ.)

ಈ ಪ್ರಾಣಿಯ ಸಹಜ ನೆಲೆ ಗ್ರ್ಯಾಂಡ್ ಕೇಮನ್ ದ್ವೀಪವೊಂದೇ. ಬಾಲವೂ ಸೇರಿ ಸುಮಾರು ಒಂದೂವರೆ ಮೀಟರ್ ಉದ್ದ ಬೆಳೆಯುವ ಇದು ರಾತ್ರಿಯನ್ನು ಸುಣ್ಣಕಲ್ಲಿನ ಬಿರುಕುಗಳಲ್ಲಿ ಕಳೆದು, ಬೆಳಿಗ್ಗೆ ಬಂಡೆಯಷ್ಟೇ ಮಾಸಲಾದ ಬೂದುಬಣ್ಣದಲ್ಲಿ ಹೊರಬರುತ್ತದೆ. ಬಿಸಿಲಿಗೆ ಮೈ ಕಾದ ಮೇಲೆ ನೀಲಿ ಏರತೊಡಗುತ್ತದೆ. ಎದುರಿಗೆ ಇನ್ನೊಂದು ಇಗುವಾನ ಬಂದರಂತೂ ಆ ಬಣ್ಣ ಇನ್ನಷ್ಟು ಗಾಢವಾಗುತ್ತದೆ.

ತೋಟ, ರಸ್ತೆ, ಮನೆಗಳಿಗಾಗಿ ಕುರುಚಲು ಕಾಡು ಕರಗಿತು. ಹೊರಗಿನಿಂದ ಬಂದ ನಾಯಿ, ಬೆಕ್ಕು, ಇಲಿಗಳು ಉಳಿದದ್ದನ್ನು ಮುಗಿಸುತ್ತ ಬಂದವು. 2002ರ ಸಮೀಕ್ಷೆಯ ಅಂದಾಜಿನಂತೆ ಕಾಡಿನಲ್ಲಿದ್ದವು 10ರಿಂದ 25 ಮಾತ್ರ. ಬೆಕ್ಕು, ಹಾವುಗಳ ಬಾಯಿಗೆ ಹೆಚ್ಚಾಗಿ ಸಿಗುವುದು ಮರಿಗಳೇ ಎಂಬುದನ್ನು ಅರಿತೇ, 1990ರಲ್ಲಿ ಅಲ್ಲಿನ ನ್ಯಾಷನಲ್ ಟ್ರಸ್ಟ್ ಆರಂಭಿಸಿದ ಯೋಜನೆಯವರು ಮೊಟ್ಟೆಗಳನ್ನು ಕಾವುಪೆಟ್ಟಿಗೆಯಲ್ಲಿ ಮರಿಮಾಡಿಸಿ, ಆ ಮರಿಗಳನ್ನು ಸುಮಾರು ಎರಡು ವರ್ಷ ಪಂಜರದಲ್ಲಿ ಸಾಕಿ, ಬೆಕ್ಕಿಗೆ ಸುಲಭದ ತುತ್ತಾಗದಷ್ಟು ಬೆಳೆದ ಮೇಲೆಯೇ ರಕ್ಷಿತ ಕಾಡಿಗೆ ಬಿಡುತ್ತ ಬಂದರು. ಬಿಡುವ ಮುನ್ನ ಕುತ್ತಿಗೆಯ ಮೇಲಿನ ಮುಳ್ಳುಸಾಲಿನ ತೊಗಲಿಗೆ ಬಣ್ಣಬಣ್ಣದ ಗಾಜಿನ ಮಣಿಗಳನ್ನು ಪೋಣಿಸುತ್ತಾರೆ. ಮಣಿಗಳ ಕ್ರಮ ಒಂದೊಂದಕ್ಕೂ ಬೇರೆಯಾದ್ದರಿಂದ, ದೂರದಿಂದಲೇ ದುರ್ಬೀನಿನಲ್ಲಿ ನೋಡಿ ಅದು ಯಾವುದೆಂದು ಹೇಳಬಹುದು.

ಹೀಗೆ ಬಿಟ್ಟವುಗಳ ಸಂಖ್ಯೆ 2018ರಲ್ಲಿ ಸಾವಿರ ಮುಟ್ಟಿತು. ಅದಕ್ಕೂ ಮೊದಲೇ, 2012ರಲ್ಲಿ, ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಈ ಪ್ರಭೇದವನ್ನು 'ತೀವ್ರ ಅಪಾಯ'ದಿಂದ 'ಅಪಾಯ'ದ ವರ್ಗಕ್ಕೆ ಇಳಿಸಲಾಗಿತ್ತು. ಆದರೆ ಬಿಟ್ಟವೆಲ್ಲ ಬದುಕಿವೆಯೆಂದು ಭಾವಿಸುವಂತಿಲ್ಲ. ಅವು ಕಾಡಿನಲ್ಲಿ ತಾವಾಗಿಯೇ ಮರಿಮಾಡಿದರೂ ಆ ಮರಿಗಳನ್ನು ಕಾಯಲು ಪಂಜರವಿಲ್ಲ. ಬೀಡಾಡಿ ಬೆಕ್ಕು, ನಾಯಿಗಳ ನಿಯಂತ್ರಣ ನನ್ನ ದೃಷ್ಟಿಯಲ್ಲಿ ಸಾಕಣೆಗಿಂತಲೂ ಕಠಿಣವಾದ ಕೆಲಸ, ಮತ್ತು ಅದಿನ್ನೂ ಬಾಕಿಯಿದೆ.