ಮೊದಲ ನಾಟಕ ಮಳೆ ಬಿಟ್ಟ ಮೇಲೆ ಆಗಲಿ

ನಮ್ಮ ನಾಟಕ ತಂಡ ಶಂಕರಘಟ್ಟದ ಯೂನಿವರ್ಸಿಟಿ ಕ್ಯಾಂಪಸ್ ಬಿಟ್ಟು ಶಿವಮೊಗ್ಗ ಪೇಟೆಯ ಹೊಸ ರಂಗಮಂದಿರಕ್ಕೆ ಬಂದಿದೆ, ಜೂನ್‌ನಲ್ಲೇ ನಾಟಕ ಶುರು ಮಾಡಬಹುದಾ ಎಂದು ನೀವು ಕೇಳಿದ್ದೀರಿ. ದಯವಿಟ್ಟು ಬೇಡ. ಶೀಟಿನ ಮಾಡು ಅಂದಿರಲ್ಲ, ಆಷಾಢದ ಮಳೆ ಹೊಡೆದರೆ ಮೂರನೇ ಸಾಲಿಗೂ ಮಾತು ಮುಟ್ಟುವುದಿಲ್ಲ. ನಾನೊಮ್ಮೆ ಹಾಗೆ ಆಡಿದ್ದೇನೆ. ಎಷ್ಟು ಕೂಗಿದರೂ ಜನ ಬರೀ ನಮ್ಮ ತುಟಿ ನೋಡುತ್ತಿದ್ದರು.

ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಮ್‌ನ ಸಂಚಾರಿ ತಂಡ ‘ತಿರುಗಾಟ’ ಶುರುವಾದದ್ದು 1985ರಲ್ಲಿ. ಅವರೂ ಮಳೆಗಾಲದಲ್ಲಿ ತಾಲೀಮು ಮಾಡಿ, ಮಳೆ ಬಿಟ್ಟ ಮೇಲೆ ಊರೂರಿಗೆ ಹೊರಡುತ್ತಾರೆ. ನೀವೂ ಈ ತಿಂಗಳುಗಳನ್ನು ತಾಲೀಮಿಗೇ ಇಟ್ಟುಕೊಳ್ಳಿ. ಹೊಸ ಸ್ಟೇಜು ಕಾಲಿಗೆ ಒಗ್ಗಬೇಕು ಅಲ್ವಾ?

ಇನ್ನೊಂದು, ಆರೂವರೆ ಅಂದರೆ ಆರೂವರೆಗೇ ಪರದೆ ಎತ್ತಿ. ತಡವಾದರೆ ಶಂಕರಘಟ್ಟದ ಹುಡುಗರು ಬಸ್ಸು ತಪ್ಪುತ್ತದೆಂದು ಕೊನೆ ದೃಶ್ಯಕ್ಕೆ ಮೊದಲೇ ಎದ್ದು ಹೋಗುತ್ತಾರೆ, ಪಾಪ.