ನನ್ನ ಫುಟ್‌ಬಾಲ್ ತಂಡ ಊರು ಬಿಟ್ಟು ಹೋಯಿತು. ಇನ್ನೂ ಅದನ್ನೇ ಬೆಂಬಲಿಸಬೇಕಾ?

ಹೈದರಾಬಾದಿನಲ್ಲಿ ಕೆಲಸ. ಗಚ್ಚಿಬೌಲಿ ಸ್ಟೇಡಿಯಂನಲ್ಲಿ ಕೂತು ಹೈದರಾಬಾದ್ ಎಫ್‌ಸಿಗಾಗಿ ಗಂಟಲು ಹರಿದುಕೊಂಡಿದ್ದೀರಿ. ಸಂಬಳ ಸಿಗದೆ ಆಟಗಾರರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. 2025ರಲ್ಲಿ ತಂಡವೇ ದೆಹಲಿಗೆ ಹೋಯಿತು. ಈಗ ಆ ದೆಹಲಿ ತಂಡದ ಜೊತೆಗೇ ಇರಲಾ, ಇಲ್ಲಾ ಬೆಂಗಳೂರು ಎಫ್‌ಸಿ ಕಡೆ ಬರಲಾ ಅಂತ ಕೇಳಿದ್ದೀರಿ. ಓದಿ ಮೊಬೈಲ್ ಪಕ್ಕಕ್ಕಿಟ್ಟು ಒಂದು ಕಾಫಿ ಕುಡಿದು ಬಂದೆ. ಇದೇ ಪ್ರಶ್ನೆಯನ್ನು 2016ರಲ್ಲಿ ನಾವೂ ಕೇಳಿಕೊಂಡಿದ್ದೆವು, ಮೈಸೂರಿನ ಒಂದು ಟೀ ಅಂಗಡಿಯ ಕಟ್ಟೆ ಮೇಲೆ ಕೂತು.

ನಮ್ಮದು ನಿಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಮಟ್ಟದ ಕಥೆ ಅಲ್ಲ. ನಜರಬಾದ್ ಕಡೆಯ ಬೀದಿಯೊಂದರ ಕ್ಲಬ್ಬು, ನಮ್ಮಪ್ಪನ ಕಾಲದ್ದು. ಹೆಸರು ಬರೆಯುವುದಿಲ್ಲ. ಆ ಹೆಸರು ಈಗ ನಮ್ಮದಲ್ಲ. ಬೀಟ್‌ರೂಟ್ ಪಲ್ಯದ ಬಣ್ಣದ ಜೆರ್ಸಿ. ಅದನ್ನು ಹೊಲಿಯುತ್ತಿದ್ದವರು ನಮ್ಮ ಬೀದಿಯ ಟೈಲರಣ್ಣ. ಅವರ ಕಾಲದಲ್ಲಿ ಅವರೇ ಗೋಲ್‌ಕೀಪರ್. ಭಾನುವಾರ ಮಧ್ಯಾಹ್ನ ಅಂಗಡಿ ಶಟರ್ ಅರ್ಧ ಎಳೆದು, ಸೈಕಲ್ ಕ್ಯಾರಿಯರ್‌ಗೆ ಬಾವುಟ ಸಿಕ್ಕಿಸಿಕೊಂಡು ಮೈದಾನಕ್ಕೆ ಬರುತ್ತಿದ್ದರು. ನಾವು ಒಂದು ಮೂವತ್ತು ನಲವತ್ತು ಜನ. ಜಿಲ್ಲಾ ಲೀಗು, ದಸರಾ ಸಮಯದ ಟೂರ್ನಿ, ಅಷ್ಟೇ ನಮ್ಮ ಪ್ರಪಂಚ.

2014 ಬಂತು. ಬೆಂಗಳೂರು ಎಫ್‌ಸಿ ಹುಟ್ಟಿದ ಮೊದಲ ಸೀಸನ್ನಿನಲ್ಲೇ ಆಗಿನ ದೇಶದ ದೊಡ್ಡ ಲೀಗು ಐ-ಲೀಗ್ ಗೆದ್ದಿತ್ತು. ಐಎಸ್‌ಎಲ್ ಶುರುವಾಗುವುದರಲ್ಲಿತ್ತು. ಬ್ರೆಜಿಲ್‌ನಲ್ಲಿ ವಿಶ್ವಕಪ್ ಬೇರೆ. ಇದ್ದಕ್ಕಿದ್ದ ಹಾಗೆ ದುಡ್ಡಿದ್ದವರಿಗೆಲ್ಲ ಫುಟ್‌ಬಾಲ್ ಮೇಲೆ ಪ್ರೀತಿ ಬಂದಿತ್ತು. ಹಾಗೆ ಬಂದವರೊಬ್ಬರು, ಬೆಂಗಳೂರಿನ ಒಬ್ಬ ಉದ್ಯಮಿ. ನಾವೆಲ್ಲ 'ಸರ್' ಅನ್ನುತ್ತಿದ್ದೆವು. ಸುಳ್ಳು ಯಾಕೆ ಹೇಳಲಿ, ಮೊದಲ ವರ್ಷ ಚೆನ್ನಾಗಿಯೇ ನೋಡಿಕೊಂಡರು. ಹುಡುಗರಿಗೆ ಶೂ ಬಂತು, ಗೋಲಿಗೆ ಹೊಸ ಬಲೆ ಬಂತು, ಪ್ರಾಕ್ಟೀಸ್ ಆದ ಮೇಲೆ ತಲೆಗೆ ಎರಡು ಮೊಟ್ಟೆ.

ಈಗ ನನ್ನ ತಪ್ಪು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಕ್ಲಬ್ಬಿನ ಕಾರ್ಯದರ್ಶಿ. ಕಾರ್ಯದರ್ಶಿ ಅಂದರೆ ಏನಿಲ್ಲ, ಅಕ್ಷರ ಚೆನ್ನಾಗಿದೆ ಅಂತ ಮಾಡಿದ್ದರು. ಮೀಟಿಂಗ್ ಪುಸ್ತಕ ನನ್ನ ಹತ್ತಿರ. ಜೂನ್‌ನಲ್ಲಿ ಒಂದು ಸಂಜೆ ಸಭೆ ಸೇರಿ ಸರ್ ಅವರ ವಿಷಯ ತೀರ್ಮಾನ ಮಾಡಿದೆವು. ಎಲ್ಲರೂ ಒಪ್ಪಿದ್ದು ಇಷ್ಟು: '2014-15ನೇ ಸಾಲಿಗೆ ತಂಡದ ಖರ್ಚನ್ನು ಅವರು ವಹಿಸಿಕೊಳ್ಳುವುದು.' ನಾನು ಬರೆದದ್ದು ಹೀಗೆ: '2014-15ನೇ ಸಾಲಿನಿಂದ ತಂಡವನ್ನು ಅವರಿಗೆ ವಹಿಸಿಕೊಡುವುದು.'

ಇನ್ನೊಂದು ಸಲ ಓದಿ. 'ಸಾಲಿಗೆ' ಅಂದರೆ ಒಂದು ವರ್ಷ. 'ಸಾಲಿನಿಂದ' ಅಂದರೆ ಕೊನೆಯೇ ಇಲ್ಲ. 'ವಹಿಸಿಕೊಳ್ಳುವುದು' ಅಂದರೆ ಭಾರ ಅವರ ತಲೆ ಮೇಲೆ. 'ವಹಿಸಿಕೊಡುವುದು' ಅಂದರೆ ನಾವೇ ಎತ್ತಿ ಕೈಗಿಟ್ಟಂತೆ. 'ಳ್ಳು' ಹೋಗಿ 'ಡು' ಬಂತು, ತಂಡ ಹೋಯಿತು. ಯಾಕೆ ಹಾಗೆ ಬರೆದೆ ಅಂತ ಈ ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ. ಒಂಬತ್ತೂವರೆಗೆ ವಿಶ್ವಕಪ್ ಮ್ಯಾಚಿತ್ತು, ಮನೆಗೆ ಓಡುವ ಅವಸರ ಅಂತ ಎಲ್ಲರಿಗೂ ಹೇಳಿದೆ. ಅದು ಅರ್ಧ ನಿಜ. ಪೂರ್ತಿ ನಿಜ ಏನೆಂದರೆ, ಸರ್ ಎದುರಿಗೇ ಕೂತಿದ್ದರು. ನನ್ನ ಪೆನ್ನನ್ನೇ ನೋಡುತ್ತಿದ್ದರು. ಅವರ ಕಣ್ಣೆದುರಿಗೆ 'ಖರ್ಚು' ಅಂತ ಬರೆಯಲು ನನಗೆ ಸಂಕೋಚವಾಯಿತು. ಊಟಕ್ಕೆ ಬಂದ ನೆಂಟರ ಮುಂದೆ ದಿನಸಿ ಚೀಟಿ ಓದಿದ ಹಾಗೆ ಅನಿಸಿತು. ಸ್ವಲ್ಪ ಗೌರವವಾಗಿ ಇರಲಿ ಅಂತ 'ತಂಡವನ್ನು ವಹಿಸಿಕೊಡುವುದು' ಅಂದೆ. ಬರೆದು ಜೋರಾಗಿ ಓದಿಯೂ ಹೇಳಿದೆ! ಯಾರೂ ಏನೂ ಅನ್ನಲಿಲ್ಲ. ಕೇಳಲು ಚೆನ್ನಾಗಿತ್ತು ನೋಡಿ. ಅನುಮೋದಿಸಿದವರು ಅಂತ ಕೆಳಗೆ ಟೈಲರಣ್ಣ ಸಹಿ ಹಾಕಿದರು.

ಸರ್ ಆ ಪುಟವನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡರು. ನೆನಪಿಗೆ ಅಂದರು.

2016ರಲ್ಲಿ ಒಂದು ಬೆಳಿಗ್ಗೆ ಟಾಟಾ ಏಸ್ ಬಂದು ನಿಂತಿತು. ಬಲೆ, ಬಾಲುಗಳು, ಟ್ರಂಕು ಎಲ್ಲ ಏರಿಸಿದರು. ರಾಜ್ಯದ ದೊಡ್ಡ ಲೀಗು ನಡೆಯುವುದೇ ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಕೂತರೆ ಮೇಲೆ ಹೋಗುವುದು ಹೇಗೆ ಅಂತ ಸರ್ ಕೇಳಿದರು. ಆ ಮಾತಿನಲ್ಲಿ ನ್ಯಾಯ ಇಲ್ಲ ಅಂತ ನಾನು ಈಗಲೂ ಹೇಳುವುದಿಲ್ಲ. ಆದರೆ ಹೆಸರಿನ ಮುಂದಿದ್ದ ನಮ್ಮ ಬೀದಿಯನ್ನು ಕಿತ್ತರು. ಬೀಟ್‌ರೂಟ್ ಬಣ್ಣ ಹೋಗಿ ನೀಲಿ ಬಂತು.

ನಾವು ಮಾಡಿದ್ದೂ ನೀವು ಮಾಡಬೇಕು ಅಂತಿರುವುದನ್ನೇ. ಹಿಂದೆ ಹೋದೆವು. ಮೊದಲ ಮ್ಯಾಚಿಗೆ ಹನ್ನೊಂದು ಜನ, ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ, ಪಾಸಿನವರ ಮಧ್ಯೆ ನಿಂತುಕೊಂಡು. ಮದ್ದೂರು ವಡೆ ತಿಂದು, ಮೆಜೆಸ್ಟಿಕ್‌ನಿಂದ ಸಿಟಿ ಬಸ್ ಹಿಡಿದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ತಲುಪಿದೆವು. ವಾರದ ಮಧ್ಯದ ದಿನ, ಮಧ್ಯಾಹ್ನದ ಮ್ಯಾಚು. ಎರಡನೆಯದಕ್ಕೆ ಐದು ಜನ. ನಾಲ್ಕನೆಯದಕ್ಕೆ ನಾನೊಬ್ಬನೇ. ನಮ್ಮ ಬೀದಿಯ ಹುಡುಗ, ಟೈಲರಣ್ಣನ ಶಿಷ್ಯ, ಎರಡನೇ ಗೋಲ್‌ಕೀಪರ್ ಆಗಿ ಬೆಂಚಿನ ಮೇಲೆ ಕೂತಿದ್ದ. ನನ್ನನ್ನು ನೋಡಿ ಕೈ ಎತ್ತಿದ. ಪಕ್ಕದಲ್ಲಿ ಮ್ಯಾನೇಜರ್ ಇದ್ದಿದ್ದು ನೆನಪಾಗಿ, ಅರ್ಧಕ್ಕೆ ಇಳಿಸಿ ತಲೆ ಕೆರೆದುಕೊಂಡ. ಅವತ್ತೇ ಕೊನೆ. ಆಮೇಲೆ ನಾನು ಹೋಗಲಿಲ್ಲ.

ಎರಡು ಸೀಸನ್ ಆಡಿದರು. ಮೂರು ಕೋಚ್‌ಗಳು ಬದಲಾದರು. ಹುಡುಗರಿಗೆ ರೂಮ್ ಬಾಡಿಗೆ ಕೊಡುತ್ತೇವೆ ಅಂದಿದ್ದರು, ಮೂರು ತಿಂಗಳು ಕೊಡಲಿಲ್ಲ. ಕೀಪರ್ ಹುಡುಗ ವಾಪಸ್ ಬಂದು ಈಗ ಕ್ಯಾಬ್ ಓಡಿಸುತ್ತಾನೆ. ಸರ್‌ಗೆ ಬೇಜಾರು ಬಂತು, ತಂಡ ನಿಂತಿತು.

ಆಗ ವಕೀಲರ ಹತ್ತಿರ ಹೋದೆವು. ಅವರು ಮೀಟಿಂಗ್ ಪುಸ್ತಕ ತೆರೆದು, ಕನ್ನಡಕ ಸರಿ ಮಾಡಿಕೊಂಡು, ಆ ಸಾಲನ್ನು ಎರಡು ಸಲ ಓದಿದರು. 'ಯಾರ ಅಕ್ಷರ ಇದು? ಮುತ್ತಿನ ಹಾಗಿದೆ' ಅಂದರು. ಹೆಸರನ್ನಾದರೂ ವಾಪಸ್ ತರಬಹುದಾ ಅಂತ ಕೇಳಿದೆವು. ಕೇಸು ಹಾಕಬಹುದು, ವರ್ಷಗಟ್ಟಲೆ ಆಗುತ್ತದೆ, ನಿಮ್ಮ ಕಾಗದ ನಿಮಗೇ ವಿರುದ್ಧ ಇದೆ ಅಂದರು. ಸಾಲದ್ದಕ್ಕೆ ಸಂಘದ ವಾರ್ಷಿಕ ಲೆಕ್ಕಪತ್ರವನ್ನು ನಾವು ನೋಂದಣಿ ಕಚೇರಿಗೆ ಸಲ್ಲಿಸಿ ಯಾವ ಕಾಲವಾಗಿತ್ತೋ. ಮೆಟ್ಟಿಲಿಳಿಯುವಾಗ ಟೈಲರಣ್ಣ ಹೇಳಿದ್ದು ಒಂದೇ ಮಾತು: 'ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ತಾವಿಲ್ಲ ಕಣಯ್ಯಾ.' ಆಮೇಲೆ ಮೂರು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಒಂದೇ ಬೀದಿಯಲ್ಲಿದ್ದೂ ನನ್ನ ಮಗನ ಸ್ಕೂಲ್ ಯೂನಿಫಾರ್ಮನ್ನು ಬೇರೆ ಕಡೆ ಹೊಲಿಸಬೇಕಾಯಿತು.

ತಂಡ ಹೋದರೆ ಅಭಿಮಾನಿಗೆ ಏನಾಗುತ್ತದೆ ಅಂತ ಕೇಳಿದರೆ ಜನ ದುಃಖ, ಕೋಪ ಅನ್ನುತ್ತಾರೆ. ನನಗೆ ಆಗಿದ್ದು ಬೇರೆ. ಭಾನುವಾರ ನಾಲ್ಕು ಗಂಟೆಗೆ ಕಾಲು ತಾನೇ ಚಪ್ಪಲಿ ಹುಡುಕುತ್ತಿತ್ತು. ಬೈಕ್ ತೆಗೆದುಕೊಂಡು ಸುಮ್ನೆ ಓವಲ್ ಮೈದಾನದ ಸುತ್ತ ಎರಡು ರೌಂಡು ಹೊಡೆದು, ಯಾರದೋ ಕ್ರಿಕೆಟ್ ನೋಡಿ ಬರುತ್ತಿದ್ದೆ. ಟೀ ಅಂಗಡಿಯ ಕಟ್ಟೆಗೆ ಮೊದಲು ಹತ್ತು ಜನ, ಆಮೇಲೆ ಮೂವರು, ಆಮೇಲೆ ಯಾರೂ ಇಲ್ಲ. ಬಂದವರೂ ತಪ್ಪು ಯಾರದು ಅಂತ ಜಗಳ ಆಡುತ್ತಿದ್ದರು. ಸೋಲಿಗೆ ಹೀಗಾಗುವುದಿಲ್ಲ. ಸೋತಾಗ ಜನ ಇನ್ನೂ ಜಾಸ್ತಿ ಸೇರುತ್ತಾರೆ, ರೆಫರಿಯನ್ನು ಬೈಯಲಾದರೂ.

ಈಗ ನಿಮ್ಮ ಪ್ರಶ್ನೆ. ಅದೇ ತಪ್ಪು ಅಂತ ನನ್ನ ಅಭಿಪ್ರಾಯ. 'ತಂಡ ದೆಹಲಿಗೆ ಹೋಯಿತು, ನಾನು ನಿಷ್ಠನಾಗಿರಬೇಕಾ' ಅಂತೀರಿ. ನಿಷ್ಠೆಯ ಪ್ರಶ್ನೆಯನ್ನು ಊರು ಬಿಟ್ಟು ಹೋದವರಿಗೆ ಕೇಳಬೇಕು, ಇದ್ದಲ್ಲೇ ಇದ್ದವರಿಗಲ್ಲ. ಅಲ್ಲದೆ ಹೋಗಿದ್ದು ತಂಡ ಅಲ್ಲ, ಲೀಗಿನಲ್ಲಿ ಒಂದು ಸೀಟು. ಇತಿಹಾಸ ನೋಡಿ. 2019ರಲ್ಲಿ ದೆಹಲಿಯ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಪುಣೆ ಸಿಟಿ ಮುಚ್ಚಿ, ಆ ಜಾಗಕ್ಕೆ ನಿಮ್ಮ ಹೈದರಾಬಾದ್ ಬಂತು. ಈಗ ಹೈದರಾಬಾದಿನದು ಸ್ಪೋರ್ಟಿಂಗ್ ಕ್ಲಬ್ ದೆಹಲಿ ಅಂತ ದೆಹಲಿಗೆ ಹೋಗಿದೆ. ಕಿಟಕಿಯಿಂದ ಟವೆಲ್ ಹಾಕಿ ಬಸ್ಸಿನಲ್ಲಿ ಸೀಟು ಹಿಡಿಯುತ್ತಾರಲ್ಲ, ಹಾಗೆ. ನೀವು ಅಭಿಮಾನ ಇಟ್ಟಿದ್ದು ಟವೆಲ್ ಮೇಲೆ. ಪುಣೆಯವರು ಆಗ ಹೀಗೇ ಅತ್ತಿದ್ದರು, ನಿಮಗೆ ಕೇಳಿಸಲಿಲ್ಲ ಅಷ್ಟೇ. ಬೈಯುತ್ತಿಲ್ಲ, ನಮಗೂ ಕೇಳಿಸಿರಲಿಲ್ಲ.

2022ರ ಮಾರ್ಚ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದ ಕಪ್ಪನ್ನು ಮರೆಯಿರಿ ಅಂತ ನಾನು ಹೇಳುವುದಿಲ್ಲ. ಕೊರೊನಾದಿಂದ ಆ ಸೀಸನ್ ಪೂರ್ತಿ ಗೋವಾದಲ್ಲೇ ನಡೆಯಿತು, ನಿಮ್ಮೂರಿನಲ್ಲಿ ಒಂದೂ ಮ್ಯಾಚಿಲ್ಲ. ಆದರೂ ಅದು ನಿಮ್ಮದು, ಅದನ್ನು ದೆಹಲಿಗೆ ಯಾರೂ ಟ್ರಂಕಿನಲ್ಲಿ ತುಂಬಿಕೊಂಡು ಹೋಗಲಾಗದು. ಆದರೆ ಹೈದರಾಬಾದಿನ ಫುಟ್‌ಬಾಲ್ 2019ರಲ್ಲಿ ಹುಟ್ಟಿದ್ದಲ್ಲ. 1950ರಿಂದ 1954ರವರೆಗೆ ಐದು ವರ್ಷ ಸತತವಾಗಿ ಮುಂಬೈನ ರೋವರ್ಸ್ ಕಪ್ ಟೂರ್ನಿ ಗೆದ್ದಿದ್ದು ಹೈದರಾಬಾದ್ ಪೊಲೀಸ್ ತಂಡ. ಅದರ ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರೇ 1956ರ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ನಾಲ್ಕನೇ ಸ್ಥಾನಕ್ಕೆ ತಂದಿದ್ದು, 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆಲ್ಲಿಸಿದ್ದು. ಅಂಥ ಊರಿನಲ್ಲಿ ಕೂತು ಬೆಂಗಳೂರಿನ ತಂಡ ಹಿಡಿಯಲಾ ಅಂತೀರಲ್ಲ! ಕನ್ನಡಿಗರು ಅಂತ ಬೆಂಗಳೂರು ಎಫ್‌ಸಿ ಮೇಲೆ ಪ್ರೀತಿ ಇರಲಿ, ನನಗೂ ಇದೆ. ಆದರೆ ಭಾನುವಾರ ನಾಲ್ಕು ಗಂಟೆಗೆ ನಡೆದುಕೊಂಡು ಹೋಗಿ ನಿಲ್ಲಲು ಅದು ನಿಮಗೆ ಆಗಿಬರುವುದಿಲ್ಲ. ನಿಮ್ಮ ಮನೆಯ ಹತ್ತಿರದ ಮೈದಾನದಲ್ಲಿ ಯಾರು ಆಡುತ್ತಾರೆ ಅಂತ ಹೋಗಿ ನೋಡಿ.

ಇಲ್ಲಿ ಯಾರಾದರೂ ಲಂಡನ್ನಿನ ವಿಂಬಲ್ಡನ್ ಫುಟ್‌ಬಾಲ್ ತಂಡದ ಉದಾಹರಣೆ ತಂದೇ ತರುತ್ತಾರೆ. 1988ರಲ್ಲಿ ಲಿವರ್‌ಪೂಲ್ ಸೋಲಿಸಿ ಎಫ್‌ಎ ಕಪ್ ಗೆದ್ದ ತಂಡ. 2002ರಲ್ಲಿ ಅದನ್ನು ಮಿಲ್ಟನ್ ಕೀನ್ಸ್‌ಗೆ ಒಯ್ಯಲು ಒಪ್ಪಿಗೆ ಸಿಕ್ಕಿತು. ಅಭಿಮಾನಿಗಳು ಬಯಲಿನಲ್ಲಿ ಹುಡುಗರನ್ನು ಆರಿಸಿ ಹೊಸ ತಂಡ ಕಟ್ಟಿದರು, ಒಂಬತ್ತನೇ ದರ್ಜೆಯಿಂದ ಶುರು ಮಾಡಿ 2011ರಲ್ಲಿ ಫುಟ್‌ಬಾಲ್ ಲೀಗಿಗೆ ಬಂದರು, 2020ರಲ್ಲಿ ತಮ್ಮ ಹಳೆಯ ಬೀದಿ ಪ್ಲೌ ಲೇನ್‌ಗೂ ಮರಳಿದರು. ಕೇಳಿ ರೋಮಾಂಚನ ಆಗುತ್ತದೆ, ಅಲ್ವಾ? ನನಗೂ ಆಗಿತ್ತು. ಆದರೆ ಎಲ್ಲರೂ ಗೋಲುಗಳ ಕಥೆ ಹೇಳುತ್ತಾರೆ, ಕಾಗದದ ಕಥೆ ಹೇಳುವುದಿಲ್ಲ. ಆ ಕ್ಲಬ್ಬಿನ ಒಡೆತನ ಅಭಿಮಾನಿಗಳ ಟ್ರಸ್ಟಿನ ಕೈಯಲ್ಲಿದೆ, ಒಬ್ಬರಿಗೆ ಒಂದು ಓಟು. ಬಿಟ್ಟು ಹೋದವರು ಹಳೆಯ ಟ್ರೋಫಿಗಳ ಹಕ್ಕನ್ನೂ 2007ರಲ್ಲಿ ವಿಂಬಲ್ಡನ್ ಇರುವ ಮೆರ್ಟನ್‌ಗೆ ವಾಪಸ್ ಕೊಡಬೇಕಾಯಿತು. ಅವರೂ ನನ್ನ ಹಾಗೆ ಮರ್ಯಾದೆಗೆ ಒಂದು ಸಾಲು ಬರೆದಿದ್ದರೆ? ಅದಕ್ಕೇ ಹೇಳುತ್ತೇನೆ, ದೊಡ್ಡ ಕ್ಲಬ್ ಕಟ್ಟಲು ಹೋಗಬೇಡಿ. ನಿಮ್ಮ ಹಳೆಯ ಅಭಿಮಾನಿ ಗುಂಪಿನ ಹೆಸರು, ಬಾವುಟ, ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ ಅಂತ ಮೊದಲು ನೋಡಿ. ದುಡ್ಡು ಕೊಡುತ್ತೇನೆ ಅಂತ ಬಂದವರಿಗೆ ಕಾಫಿ ಕೊಡಿ, ಕಾಗದ ಕೊಡಬೇಡಿ.

ನಮ್ಮಲ್ಲಿ ಸಂಘ ನೋಂದಾಯಿಸಲು ಏಳು ಜನ ಸಾಕು, 1960ರ ಕಾಯ್ದೆ. ಕೊರೊನಾ ಮುಗಿದ ಮೇಲೆ ಆರು ಜನ ಸೇರಿದ್ದೆವು, ಏಳನೆಯವರು ಸಿಗಲಿಲ್ಲ. ಒಂದು ದಿನ ಟೈಲರಣ್ಣ ತಾವಾಗಿಯೇ ಕಟ್ಟೆಗೆ ಬಂದು, 'ಸಹಿ ಎಲ್ಲಿ ಹಾಕಬೇಕು ತೋರಿಸು, ಮೊದಲು ಓದುತ್ತೇನೆ' ಅಂದರು. ಮೂರು ವರ್ಷದಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು. ಪೂರ್ತಿ ಓದಿದರು, ಬೆರಳಿಟ್ಟುಕೊಂಡು, ಒಂದೊಂದೇ ಪದ.

ಈಗ ಹದಿಮೂರು ವರ್ಷದೊಳಗಿನ ಹುಡುಗರ ಒಂದು ತಂಡ ಇದೆ. ಹೆಸರು ಹೊಸದು, ಬಣ್ಣ ಮಾತ್ರ ಬೀಟ್‌ರೂಟ್. ಜಾಸ್ತಿ ಸೋಲುತ್ತಾರೆ. ಮೀಟಿಂಗ್ ಪುಸ್ತಕ ಬರೆಯುವ ಕೆಲಸ ಟೈಲರಣ್ಣನ ಸೊಸೆಯದು, ಅಕ್ಷರ ಕೋಳಿ ಕಾಲಿನ ಹಾಗಿದೆ. ಪೆನ್ನು ನನ್ನ ಕೈಗೆ ಕೊಡುವುದಿಲ್ಲ. ಭಾನುವಾರ ಮೂರೂವರೆಗೆ ಹೋಗಿ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು ನನ್ನ ಕೆಲಸ.