ಸಿ4 ಜೀನ್ ವರದಿಯ ‘ಅಧಿಕ ಅಪಾಯ’ದ ಬಗ್ಗೆ

ಅಣ್ಣನಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವುದರಿಂದ ನೀವು ಮಾಡಿಸಿದ ಎಂಜಲಿನ ಜೀನ್ ಪರೀಕ್ಷೆಯಲ್ಲಿ ‘ಅಧಿಕ ಅಪಾಯ’ ಎಂದು ಬರಲು ಕಾರಣ ಬಹುಶಃ 6ನೆಯ ವರ್ಣತಂತುವಿನಲ್ಲಿರುವ, ರೋಗನಿರೋಧಕ ವ್ಯವಸ್ಥೆಗೆ ಸೇರಿದ ಸಿ4 ಜೀನ್. ಅದರ ಸಿ4ಎ ರೂಪ ಹೆಚ್ಚು ಚುರುಕಾಗಿರುವವರಲ್ಲಿ ಈ ಕಾಯಿಲೆಯ ಸಂಭವ ಹೆಚ್ಚೆಂದು 2016ರ ಅಧ್ಯಯನವೊಂದು ತೋರಿಸಿತು. ಹದಿಹರೆಯದಲ್ಲಿ ಮಿದುಳು ನರಸಂಧಿಗಳನ್ನು, ಅಂದರೆ ನರಕೋಶಗಳ ನಡುವಿನ ಸಂಪರ್ಕಗಳನ್ನು, ಕಳಚಿಹಾಕುವ ಕ್ರಿಯೆ ಅತಿಯಾಗುವುದೇ ಕಾರಣವೆಂಬ ವಿವರಣೆ ಮಾತ್ರ ಮನುಷ್ಯರಲ್ಲಿ ಇನ್ನೂ ಪೂರ್ತಿ ಸಾಬೀತಾಗಿಲ್ಲ. ಅದೇನೇ ಇರಲಿ, ಸಿ4ಎಯಿಂದ ಕಾಯಿಲೆಯ ಸಂಭವದಲ್ಲಿ ಆಗುವ ಹೆಚ್ಚಳ ಬಹಳ ಸಣ್ಣದು: 100ರಲ್ಲಿ ಸುಮಾರು 1 ಇರುವ ಸಂಭವ 1.3ರ ಆಸುಪಾಸಿಗೆ ಏರುತ್ತದೆ, ಅಷ್ಟೇ. ಒಡಹುಟ್ಟಿದವರಿಗೆ ಕಾಯಿಲೆ ಇರುವುದು ಇದಕ್ಕಿಂತ ಎಷ್ಟೋ ದೊಡ್ಡ ಸೂಚಕ. ಆಗಲೂ 100ರಲ್ಲಿ ಸುಮಾರು 90 ಮಂದಿಗೆ ಅದು ಬರುವುದಿಲ್ಲ. ಮೇಲಾಗಿ ಆ ಅಧ್ಯಯನ ಮುಖ್ಯವಾಗಿ ಯುರೋಪ್ ಮೂಲದವರದ್ದು. ನಮ್ಮವರಿಗೆ ಅದೇ ಅಂಕಿ ಹೊಂದುತ್ತದೆಂದು ಖಚಿತವಾಗಿ ಹೇಳಲಾಗದು.

ಮೊದಲು ವರದಿಯಲ್ಲಿ ಪರೀಕ್ಷಾ ವಿಧಾನದ ಪುಟವನ್ನು ನೋಡಿ. ‘ಆರ್‌ಎಸ್’ (rs) ಎಂದು ಆರಂಭವಾಗುವ, ಡಿಎನ್‌ಎಯ ಸಣ್ಣ ವ್ಯತ್ಯಾಸಗಳನ್ನು ಗುರುತಿಸುವ ಸಂಖ್ಯೆಗಳಷ್ಟೇ ಇದ್ದರೆ ಅವರು ನಿಮ್ಮಲ್ಲಿ ಸಿ4 ಜೀನಿನ ಎಷ್ಟು ಪ್ರತಿಗಳಿವೆಯೆಂದು ನೇರವಾಗಿ ಎಣಿಸಿಲ್ಲ, ಪಕ್ಕದ ಗುರುತುಗಳಿಂದ ಊಹಿಸಿದ್ದಾರೆ. ಆದರೂ ಮತ್ತೆ ಹಣ ಕೊಟ್ಟು ಪರೀಕ್ಷೆ ಮಾಡಿಸಬೇಡಿ, ಫಲಿತಾಂಶ ಏನೇ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ.

ಬಳಿಕ ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತೆಂದು ನಮೂದಿಸಿ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳಲ್ಲಿ ಅಜ್ಜಿ, ಸೋದರಮಾವಂದಿರ ವಿವರ ಸಲೀಸಾಗಿ ಸಿಗುತ್ತದೆ, ತಂದೆಯ ಕಡೆಯದು ಬಿಟ್ಟುಹೋಗುತ್ತದೆ, ಎರಡೂ ಬೇಕು. ಅದರೊಂದಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ವೈದ್ಯಕೀಯ ತಳಿವಿಜ್ಞಾನ ವಿಭಾಗವನ್ನೋ ಅಣ್ಣನ ಮನೋವೈದ್ಯರನ್ನೋ ಕಾಣಿರಿ.

ಗಾಂಜಾದಿಂದ ಖಂಡಿತವಾಗಿ ದೂರವಿರಿ. ನಿದ್ದೆಗೆಟ್ಟು, ಅಕಾರಣ ಸಂಶಯ ಅಥವಾ ಯಾರೋ ಮಾತನಾಡಿದಂತೆ ಕೇಳಿಸುವುದು ಆರಂಭವಾದರೆ ಕಾಯದೆ ಮನೋವೈದ್ಯರ ಬಳಿ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ.